ತಗರಿನ ಪಕ್ಕದ ಕಲ್ಲು

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಸಲ "ಗೌಡ್ರೇ" ಎಂದು ಕೂಗಿ ನೋಡಿ. ಹಿರಿಯೂರು ಬಸ್ಸಿನ ಅರ್ಧ ಜನ ತಿರುಗುತ್ತಾರೆ. ಉಳಿದರ್ಧ, ತಮ್ಮೂರ ಗೌಡರು ಬಂದರೇನೋ ಎಂದು ಎದ್ದು ನಿಲ್ಲುತ್ತಾರೆ. ಇಂಥ ಕಾಮನ್ ಸರ್‌ನೇಮ್ ಹೊತ್ತುಕೊಂಡು ನಾನು ಆಯುಷ್ಯವಿಡೀ ಮಿಸ್ ಗೌಡ ಆಗಿ, ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿ ರಿಟೈರ್ ಆದೆ. ಆ ಹೆಸರಿನ ಹಿಂದೆ ಕುದುರೆ, ಕತ್ತಿ, ಕೋಟೆಬಾಗಿಲು ಏನಾದರೂ ಇದ್ದೀತು ಎಂಬ ನಂಬಿಕೆ ಒಳಗೊಳಗೇ ಇತ್ತು. ಕಾನ್ವೆಂಟಿನಲ್ಲಿ ಓದಿದವರಿಗೆ ಅದೊಂದು ಕಾಯಿಲೆ.

ಕಾಯಿಲೆ ಹೆಚ್ಚಿದ್ದು ಗೆಳತಿ ಸ್ಟೆಲ್ಲಾಳಿಂದ. ಆಕೆ ಚರ್ಚಿನ ಬರಿಯಲ್ ರಿಜಿಸ್ಟರ್ ತೆಗೆಸಿ, ಮುತ್ತಜ್ಜಿ ಮಲಗಿದ ಸಾಲು, ನಂಬರ್ ಎಲ್ಲ ಪತ್ತೆ ಹಚ್ಚಿ, ಕ್ಯಾಂಡಲ್ ಹಚ್ಚಿ ಬಂದಳು. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮದು ಆದಿವಾಲದ ಆಚೆ ಕುರಿ ಸಾಕುವವರ ಹಟ್ಟಿ. ಸತ್ತವರನ್ನು ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಒಂದು ಕಾಡುಗಲ್ಲು ನೆಟ್ಟರೆ ಮುಗಿಯಿತು. ರಿಜಿಸ್ಟರ್ ಎಲ್ಲಿಂದ ಬರಬೇಕು? ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಳು, ನನ್ನನ್ನು ಬೋರ್ಡಿಂಗಿಗೆ ಹಾಕಿದರು. ಅವಳ ಮುಖ ನೆನಪಿಲ್ಲ. ಅಂಗೈಯ ಹಸಿ ಸೊಪ್ಪಿನ ವಾಸನೆಯಷ್ಟೇ ನೆನಪು. ರಜೆಗೆ ಬಂದಾಗ ಅಪ್ಪ ಹೊಲದಲ್ಲಿ ಬೇವಿನ ಬುಡದ ಕಲ್ಲೊಂದರ ಎದುರು ಸುಮ್ಮನೆ ಕೂತಿರುತ್ತಿದ್ದ. ಅದೇ ಅವ್ವ ಎಂದುಕೊಂಡೆ. ಅಪ್ಪನ ಮುಖ ನೋಡಿ ಕೇಳುವ ಧೈರ್ಯವಾಗಲಿಲ್ಲ. ಸಂಬಳ ಕಂಡಾಗಿನಿಂದ ಪ್ರತಿ ಹಿರಿಯರ ಹಬ್ಬಕ್ಕೆ ಆ ಕಲ್ಲಿಗೆ ಹೂವು, ಸೀರೆ, ಮುದ್ದೆ, ಕುರಿ ಬಾಡಿನ ಸಾರು ಎಡೆಯಿಟ್ಟು ಬಂದಿದ್ದೇನೆ.

ಸತ್ತ ಮೇಲಾದರೂ ಅವ್ವನ ಪಕ್ಕ ಮಲಗಬೇಕೆಂಬುದು ನನಗೆ ಉಳಿದಿರುವ ಒಂದೇ ಆಸೆ. ಅದಕ್ಕೂ ಮೊದಲು ಅವಳಿಗೊಂದು ಹೆಸರಿರಲಿ ಎಂದು ದುರ್ಗದಲ್ಲಿ ಚಪ್ಪಡಿ ಕೆತ್ತಿಸಿದೆ. ಮೇಲೆ ಇಂಗ್ಲಿಷಿನಲ್ಲಿ 'ಇನ್ ಲವಿಂಗ್ ಮೆಮರಿ', ಕೆಳಗೆ ಕನ್ನಡದಲ್ಲಿ 'ಸಿದ್ದಮ್ಮ ಗೌಡ'. ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಏರಿಸಿದಾಗ ಕಂಡಕ್ಟರ್ ತಡೆದ.

"ಏನಮ್ಮಾ, ರುಬ್ಬೋ ಕಲ್ಲಾ? ಲಗೇಜ್ ಆಗ್ತೈತೆ. ಎಮರ್ಜೆನ್ಸಿ ಟೈಮು, ರೂಲ್ಸ್ ಅಂದ್ರೆ ರೂಲ್ಸ್."

"ನಮ್ಮವ್ವ ಕಣಪ್ಪ," ಎಂದೆ.

ಅವನು ಗೋಣಿಯನ್ನೂ ನನ್ನನ್ನೂ ನೋಡಿದ. "ಹಂಗಾರೆ ಟಿಕೀಟು ಬ್ಯಾಡ ಬಿಡ್ರಿ. ಬಾಗ್ಲತಾವ ಬ್ಯಾಡ, ಒಳಗೆ ಕುಂದ್ರಸ್ರಿ."

ಹಟ್ಟಿಯಲ್ಲಿ ಈಗ ನನಗಿರುವವಳು ದೊಡ್ಡಪ್ಪನ ಮಗಳು ಕರಿಯಕ್ಕ ಒಬ್ಬಳೇ. ಅಕ್ಷರ ಬಾರದವಳು, ಓದಿ ಹೇಳೆಂದಳು. ಹೇಳಿದೆ. ಬಾಯಲ್ಲಿದ್ದ ಎಲೆಯಡಿಕೆ ಉಗಿದು ನಕ್ಕಳು.

"ಚಿಕ್ಕಪ್ಪ ಯಾವಾಗ ಗೌಡ ಆಗಿದ್ನೇ? ನಿನ್ನ ಇಸ್ಕೂಲಿಗೆ ಹಾಕೋವಾಗ ಆ ಬಿಳೀ ಬಟ್ಟೆ ಅಮ್ಮ ಮನೆತನದ ಹೆಸ್ರೇನು ಅಂದ್ಲಂತೆ. ಇವನಿಗೆ ಬಾಯೇ ಬರ್ಲಿಲ್ಲ. ಜತೆಗೆ ಹೋಗಿದ್ದ ಊರ ಗೌಡನ ಮಕ ನೋಡ್ದ. ಗೌಡ ತನ್ ಹೆಸ್ರೇ ಕೇಳಿದ್ರು ಅಂದ್ಕಂಡು 'ಗೌಡ' ಅಂದ. ಆಯಮ್ಮ ಬರ್ಕಂಡ್ಲು. ಅಷ್ಟೆಯ."

ನನ್ನ ಕುದುರೆ, ಕತ್ತಿ, ಕೋಟೆಬಾಗಿಲು ಅಲ್ಲೇ ಜಗುಲಿಯ ಮೇಲೆ ಮುಗಿದವು. ಇರಲಿ, ಅವ್ವ ಇದ್ದಾಳಲ್ಲ ಎಂದು ಆಳುಗಳಿಂದ ಕಲ್ಲು ಹೊರಿಸಿ ಹೊಲಕ್ಕೆ ಹೋದೆವು. ಬೇವಿನ ಬುಡದಲ್ಲಿ ಗುಂಡಿ ತೋಡಿ ಎಂದೆ.

"ಇಲ್ಲ್ಯಾಕೆ?" ಎಂದಳು ಕರಿಯಕ್ಕ.

"ಅವ್ವನ ಕಲ್ಲು ಇದೇ ತಾನೆ?"

ಅವಳು ಮೆಲ್ಲಗೆ ನೆಲಕ್ಕೆ ಕುಳಿತಳು. "ಇದು ತಗರಿಂದು ಕಣೆ, ತಂಗಿ."

ಅವ್ವ ಬಸುರಿಯಾಗಿ ಸತ್ತಿದ್ದಳಂತೆ. ಅಂಥವರನ್ನು ಹೊಲದಲ್ಲಿ ಇಡುವಂತಿಲ್ಲ, ಕಲ್ಲು ನೆಡುವಂತಿಲ್ಲ ಎಂದು ಹಿರಿಯರು ಹಳ್ಳದಾಚೆ ಮಣ್ಣು ಮಾಡಿಸಿದರಂತೆ. ಆಮೇಲೆ ಹಳ್ಳವೇ ದಡ ತಿಂದು ಪಾತ್ರ ಬದಲಿಸಿತು, ಆ ಜಾಗವೂ ಉಳಿಯಲಿಲ್ಲ.

"ತವರಿಂದ ಬಳುವಳಿ ಬಂದಿದ್ ತಗರು. ಚಿಗವ್ವನ ಕೈಲಿ ಬಿಟ್ರೆ ಯಾರ ಕೈಲೂ ತಿಂತಿರ್ಲಿಲ್ಲ. ಅವ್ಳು ಹೋದ್ಮ್ಯಾಲೆ ಮೇವು ಮುಟ್ದೇ ಸತ್ತೋತು. ಚಿಕ್ಕಪ್ಪ ಇಲ್ಲಿ ಹೂತು ಕಲ್ಲು ನೆಟ್ಟ. ಹೆಂಡ್ತಿಗಿಲ್ಲದ ಕಲ್ಲು ತಗರಿಗೇನ್ಲಾ ಅಂತ ಹಟ್ಟಿಯೆಲ್ಲ ನಕ್ತು. 'ತಗರಿಗೆ ನೆಡಬ್ಯಾಡ ಅಂತ ಯಾರೂ ಹೇಳ್ಲಿಲ್ವಲ್ಲ' ಅಂದ."

"ಇಷ್ಟು ವರ್ಷ ಎಡೆಯಿಟ್ಟೆನಲ್ಲಕ್ಕ, ಹೇಳಬಾರದಿತ್ತಾ?"

"ಓದಿದೋಳು, ನಿಂಗೆ ಗೊತ್ತೈತೆ ಅಂದ್ಕಂಡಿದ್ದೆ. ಅಪ್ಪನಂಗೇ ಇವ್ಳಿಗೂ ತಗರು ಅಂದ್ರೆ ಪ್ರಾಣ ಅಂತ. ಆದ್ರೂ ತಗರಿನ ಮುಂದೆ ಕುರಿ ಬಾಡು ಇಡ್ತಾಳಲ್ಲ, ಇದ್ಯಾವ ಪದ್ಧತಿ, ಇಂಗ್ಲೀಸರದಿರ್ಬೇಕು ಅಂತ ಸುಮ್ಕಿದ್ದೆ."

ನಾವಿಬ್ಬರೂ ನಕ್ಕೆವು. ನಗುತ್ತಲೇ ಅವಳು ನನ್ನ ಕಣ್ಣೊರೆಸಿದಳು.

ಚಪ್ಪಡಿಯನ್ನು ತಗರಿನ ಪಕ್ಕದಲ್ಲೇ ನೆಡಿಸಿದೆವು. ಬೇಡ ಎನ್ನಲು ಹಿರಿಯರು ಉಳಿದಿಲ್ಲ. ಈಗ ಹಿರಿಯರೆಂದರೆ ನಾವಿಬ್ಬರೇ. 'ಗೌಡ' ಎಂಬುದನ್ನು ಉಳಿಯಿಂದ ತೆಗೆಸಿದೆ, ಅಲ್ಲೊಂದು ತಗ್ಗು ಉಳಿದಿದೆ. ಚಪ್ಪಡಿಯಾಚೆ ನನಗೊಂದಿಷ್ಟು ಜಾಗವನ್ನು ಕರಿಯಕ್ಕ ಕಾಲಲ್ಲೇ ಗೀರಿ ತೋರಿಸಿದಳು. ಅವ್ವ ಅಲ್ಲಿಲ್ಲವೆಂದು ನನಗೆ ಗೊತ್ತು. ಅಪ್ಪನಿಗೂ ಗೊತ್ತಿತ್ತು.

ಈ ಸಲದ ಹಬ್ಬಕ್ಕೆ ಬಾಡು ಮಾಡಲಿಲ್ಲ. ಒಂದು ಹಿಡಿ ಹಸಿ ಹುರುಳಿ ಸೊಪ್ಪು ಕಿತ್ತು, ಅಂಗೈಯಲ್ಲಿ ಹಿಡಿದು, ತಗರಿನ ಕಲ್ಲಿನೆದುರು ಬಹಳ ಹೊತ್ತು ಕೂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ನೋಡಿ, "ಟೀಚರಮ್ಮಂಗೆ ವಯಸ್ಸಾತು" ಎಂದು ಗೊಣಗಿ ನಡೆದ. ಆಗಿದೆ, ಇಲ್ಲವೆನ್ನಲಾರೆ. ಆದರೆ ಸೊಪ್ಪು ಎಸೆದ ಮೇಲೆ ಅಂಗೈ ಮೂಸಿ ನೋಡಿಕೊಂಡೆ. ದುರ್ಗ ತಲುಪುವವರೆಗೂ ಕೈ ತೊಳೆಯಲಿಲ್ಲ.