ಪೋತ್ನಾಳದಿಂದ ಹೊಡೆದ ಗೋಲು

ರಾಯಚೂರು ಜಿಲ್ಲಾಕ್ಕ ಬಂದ ಮೊಟ್ಟಮೊದಲ ಕಂಪ್ಯೂಟರ್ ಚಾಲೂ ಮಾಡಿದ ಕೈ ಇದು. ಅವತ್ತು ಕರೆಂಟ್ ಇರಲಿಲ್ಲ. ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ಹಚ್ಚಿ ತಿರುವಿದೆ, ಭರ್ರಂತ ಎದ್ದಿತು. ನೋಡಿದವರು ಇಬ್ಬರೇ. ಒಬ್ಬರು ತೀರಿಕೊಂಡ್ರು. ಇನ್ನೊಬ್ಬರು ಯಾರಿಗೂ ಹೇಳದಂಗ ತೀರಿಕೊಂಡ್ರು. ಇಂಥವು ನನಗ ಆಗ್ತಾನೇ ಇರ್ತಾವ. ಮಷೀನು ಕೆಟ್ಟಲ್ಲಿ ನಾ ಇರ್ತೀನಿ. ನಾ ಇದ್ದಲ್ಲಿ ಮಷೀನು ಕೆಡತದ ಅಂತನೂ ಕೆಲವರು ಅಂತಾರ, ಅವರ ಮಾತು ಬಿಡ್ರಿ.

ನಾ ಸಾಲಿ ಕಟ್ಟಿ ಹತ್ತಿದಾಂವ ಅಲ್ಲ. ಮಾನ್ವಿಯ ಅಕ್ಕಿ ಗಿರಣಿಯೊಳಗ ಮಿಸ್ತ್ರಿಕಿ ಮಾಡಿ ಮುದುಕಾದೆ. ಈಗ ನಾ ಹೇಳ್ತೀನಿ, ಮೊಮ್ಮಗಳು ಟೈಪ್ ಮಾಡ್ತಾಳ. ಸುದ್ದಿನೂ ಅಕಿದೇ. ಮಾನ್ವಿಯೊಳಗ ವಿಡಿಯೋ ಗೇಮಿನ ಅಂಗಡಿ ತೆಗೀತೀನಿ ಅಂದ್ಳು. ಗಿರಣಿ ಸಾವ್ಕಾರ್ರು ಬಾಜೂಕಿನ ಖೋಲಿ ಕೊಟ್ರು, ಆದ್ರ ಒಂದು ಮಾತಿನ ಮ್ಯಾಲ. ಸೋಮವಾರ ಪೂಜಿ, ಅವತ್ತು ನಾನೇ ಬಂದು ಆಡಿ ನೋಡ್ತೀನಿ, ಸರಿ ಅನಿಸಲಿಲ್ಲಂದ್ರ ಮಂಗಳವಾರ ಆ ಖೋಲಿಗೆ ತೌಡಿನ ಚೀಲ ಬರ್ತಾವ, ಅಂದ್ರು.

ಮಾಲಕರಿಲ್ಲದ ಮಾಲು

ರಾಯಚೂರಿನ ಅಂಗಡಿಯೊಳಗ ಒಂದು ಹಳೇ ಕಂಪ್ಯೂಟರು, ಕೈಯಾಗ ಹಿಡಿದು ಆಡೋ ಎರಡು ಕಂಟ್ರೋಲರು ತಗೊಂಡ್ವಿ. ಕಂಟ್ರೋಲರಿಗೆ ವೈರಿಲ್ಲ. ಕಂಪ್ಯೂಟರಿನ್ಯಾಗ ಇರೋದು ಲಿನಕ್ಸ್, ಕಂಟ್ರೋಲರಿನ ಡ್ರೈವರ್ ನೀವ ಹಾಕ್ಕೋಬೇಕು ಅಂದ ಅಂಗಡಿಯಾಂವ. ಕಂಟ್ರೋಲರಿನ ಮಾತು ಕಂಪ್ಯೂಟರಿಗೆ ತಿಳಿಸಿ ಹೇಳೋದಕ್ಕ ಡ್ರೈವರ್ ಅಂತಾರ ಅಂತ ಮೊಮ್ಮಗಳು ಬಿಡಿಸಿ ಹೇಳಿದ್ಳು. ಈ ಲಿನಕ್ಸು ಯಾರದು ಅಂತ ಕೇಳಿದೆ. ಯಾರೊಬ್ಬರದೂ ಅಲ್ಲ, ಜಗತ್ತಿನ ಮಂದಿ ಕೂಡಿ ಬರೆದದ್ದು, ಯಾರು ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು ಅಂದ.

"ಕೆಟ್ರ ಯಾರನ್ನ ಬಯ್ಯೋದು?" ಅಂದೆ.

"ನೀವ ರಿಪೇರಿ ಮಾಡ್ಕೋರಿ."

ಬಿಚ್ಚಿ ನೋಡಬಹುದು ಅಂತ ಅಂವನ ಬಾಯಿಲೇ ಅಂದಾನ. ಮಾನ್ವಿ ಬಸ್ಸಿನ್ಯಾಗ ಕುಂತು, ಪಾನಾ ತೆಗೆದು ಬಿಚ್ಚಿದೆ. ಒಳಗ ಫ್ಯಾನ್ ಅದ, ವೈರ್ ಅದ, ಜ್ಯಾಡರ ಬಲಿ ಅದ. ಲಿನಕ್ಸ್ ಎಲ್ಲೂ ಇಲ್ಲ. ಹಾಕಾಕ ಮರತಾನ ಅಂತ ಅರ್ಧ ದಾರಿಯೊಳಗ ಬಸ್ ನಿಲ್ಲಿಸಿ, ವಾಪಸ್ ಹೋಗಿ ಜಗಳಾ ತೆಗೆದೆ. ಅಂಗಡಿಯಾಂವ ಎರಡೂ ಕೈ ಮುಗಿದು, ಒಂದು ಮೌಸ್ ಪುಕ್ಕಟ ಕೊಟ್ಟು ಕಳಿಸಿದ. ತಪ್ಪು ಅಂವಂದೇ ಅನ್ನಾಕ ಇನ್ನೇನು ಸಾಕ್ಷಿ ಬೇಕು?

ಅನ್ನದಾಗಿನ ಅಕ್ಷರ

ಡ್ರೈವರ್ ಹಾಕಾಕ ಮೊಮ್ಮಗಳು ಕರಿ ಪರದಾದ ಮ್ಯಾಲ ಏನೋ ಬರೆದ್ಳು. ಅದು ಪಾಸ್‌ವರ್ಡ್ ಕೇಳ್ತು. ಅಕಿ ಒತ್ತಾಕತ್ತಾಳ, ಪರದಾ ಮ್ಯಾಲ ಒಂದು ಚುಕ್ಕಿನೂ ಮೂಡವಲ್ದು. ಕೀಬೋರ್ಡ್ ಸತ್ತದ ಅಂದೆ. ಇದರಾಗ ಪಾಸ್‌ವರ್ಡ್ ಕಾಣಂಗಿಲ್ಲ ತಾತಾ, ಹಂಗ ಇರ್ತದ, ಅಂದ್ಳು. ಪಾಪ, ಮುದುಕಗ ಚಿಂತಿ ಬ್ಯಾಡಂತ ಸುಳ್ಳು ಹೇಳಾಕತ್ತಾಳ ಅಂದ್ಕೊಂಡೆ.

ಅಕಿ ಊಟಕ್ಕ ಹೋದ ಕೂಡ್ಲೇ ಕೀಬೋರ್ಡ್ ಬಗಲಾಗ ಹಿಡಕೊಂಡು ಗಿರಣಿಗೆ ಹೋದೆ. ಹೊಟ್ಟು ಹಾರಿಸೋ ಬ್ಲೋವರಿನ ಮುಂದ ಹಿಡಿದೆ, ಧೂಳಾ ಹೋಗ್ಲಿ ಅಂತ. ಧೂಳಾ ಹೋತು. ಅದರ ಬೆನ್ನಹಿಂದ ಅಕ್ಷರದ ಗುಂಡಿ ಎಲ್ಲಾ ಹಾರಿ ಹೋದವು, ಸೀದಾ ಅಕ್ಕಿ ರಾಶಿಯೊಳಗ. ಮುಂದ ಎಷ್ಟೋ ದಿನ ಮಾನ್ವಿ ಮಂದಿಗೆ ಅನ್ನದಾಗ ಅಕ್ಷರ ಸಿಗತಿದ್ದವು. ಪ್ರತಿ ಸಲ ನಪಾಸಾಗೋನು ಒಬ್ಬ ಆ ಅನ್ನ ಉಂಡು ಇಂಗ್ಲಿಷಿನ್ಯಾಗ ಪಾಸಾದ. ಅವರವ್ವ ಅದೇ ಅಕ್ಕಿ ಇನ್ನೊಂದು ಚೀಲ ಕೊಡ್ರಿ ಅಂತ ಗಿರಣಿಗೆ ಬಂದಿದ್ಳು, ಗಣಿತ ಇನ್ನೂ ಉಳದದಂತ.

ದೇವದುರ್ಗದ ಕಡೆ ಮಾರಿ

ಹೊಸಾ ಕೀಬೋರ್ಡ್ ಬಂತು, ಡ್ರೈವರ್ ಹೊಕ್ತು. ಆದ್ರ ಕಂಪ್ಯೂಟರಿಗೆ ಬ್ಲೂಟೂತ್ ಇರಲಿಲ್ಲ. ಅದಕ್ಕ ಉಗುರಿನಷ್ಟು ದೊಡ್ಡದೊಂದು ಡಾಂಗಲ್ ಸಿಗಿಸಬೇಕಂತ. ದೇವದುರ್ಗದ ಮೊಬೈಲ್ ರಿಪೇರಿಯಾಂವನ ಹತ್ರ ಅದ ಅಂತ ತಿಳಿದು, ಕಂಟ್ರೋಲರ್ ತಗೊಂಡು ಹೋದೆ. ಅಂವ ತನ್ನ ಲ್ಯಾಪ್‌ಟಾಪಿಗೆ ಕಂಟ್ರೋಲರ್ ಜೋಡಿಸಿ ಆಡಿ ತೋರಿಸಿ, ಡಾಂಗಲ್ ಕೊಟ್ಟ. ಮಾನ್ವಿಗೆ ತಂದು ಸಿಗಿಸಿದ್ರ ಕಂಟ್ರೋಲರಿನ ಲೈಟು ಬರೇ ಮಿಣಮಿಣ. ಅಂವಗ ಫೋನ್ ಹಚ್ಚಿದ್ರ, ಅದು ಇನ್ನೂ ನನ್ನ ಲ್ಯಾಪ್‌ಟಾಪ್ ಹುಡುಕಾಕತ್ತದ ಅಂದ.

ಸಂತ್ಯಾಗ ಕೊಂಡು ತಂದ ಎತ್ತು ಹಳೇ ಮನಿ ಕಡೆ ಮಾರಿ ಮಾಡಿ ನಿಂದ್ರತದಲ್ಲ, ಅದೇ ರೋಗ. ಇದರ ಮದ್ದು ನನಗ ಗೊತ್ತು. ದೇವದುರ್ಗ ಇರೋದು ಉತ್ತರಕ್ಕ, ಆ ಕಡೆ ಬೆನ್ನು ಮಾಡಿ ಕಂಟ್ರೋಲರ್ ಇಟ್ಟೆ. ಎತ್ತಿಗೆ ಹಗ್ಗ ಬದಲಿಸಿದಂಗ ಹೊಸಾ ಕರಿದಾರ ಕಟ್ಟಿದೆ. ಮೊಮ್ಮಗಳ ಕೈಯಾಗ ಕೊಟ್ಟು ಕಂಪ್ಯೂಟರಿನ ಸುತ್ತ ತಿರುಗಿಸಿದೆ, ಬೆನ್ನು ಸವರಿ, ಇನ್ನ ಮ್ಯಾಲ ಇದ ನಿನ್ನ ಮನಿ ಅಂದೆ. ಟಕ್ಕಂತ ಲೈಟು ನಿಂತು ಉರೀತು. ತಿರುಗುವಾಗ ಅಕಿ ಯಾವುದೋ ಎರಡು ಬಟನ್ ಒತ್ತಿ ಹಿಡಿದಿದ್ಳಂತ. ಹಿಡೀಲಿ. ನಾ ದಾರ ಕಟ್ಟದಿದ್ರ ಅದು ಅಕಿ ಕೈಯಾಗ ನಿಂದ್ರತಿತ್ತೇನು?

ಪೋತ್ನಾಳ

ಸೋಮವಾರ ಕಾಯಿ ಒಡೆದು, ಕಂಪ್ಯೂಟರಿಗೆ ಇಬೂತಿ ಹಚ್ಚಿದ ಮ್ಯಾಲ ಸಾವ್ಕಾರ್ರು ಫುಟ್‌ಬಾಲ್ ಆಡಾಕ ಕುಂತ್ರು. ಕಂಟ್ರೋಲರ್ ತಿರುಗಮುರುಗಾ ಹಿಡಿದು ಒಂದೀಟು ಒತ್ತಿ, ನನ್ನ ಕಡೆ ತಿರುಗಿದ್ರು.

"ವೈರಿಲ್ಲ ಅಂತೀಯಲ್ಲೋ ಮಿಸ್ತ್ರಿ. ಖೋಲಿಯೊಳಗ ಕುಂತಾಂವಗ ವೈರ್ ಇದ್ರೇನು, ಇಲ್ದಿದ್ರೇನು? ರಸ್ತೆ ಆ ಕಡೆ ನಿಂತು ಆಡಿಸಿ ತೋರಿಸು. ಇಲ್ಲಂದ್ರ ತೌಡು ತರಸ್ತೀನಿ."

ಮೊಮ್ಮಗಳ ಮಾರಿ ಇಳೀತು. ಗ್ವಾಡಿ ದಾಟಿದ್ರ ನಡೆಯಂಗಿಲ್ಲಂತ ಕಿವ್ಯಾಗ ಹೇಳಿದ್ಳು. ರಸ್ತೆ ಯಾಕ್ರಿ ಸಾವ್ಕಾರ್ರ, ಸಿಂಧನೂರು ದಾರಿಯಾಗಿನ ಪೋತ್ನಾಳ ಊರಿಂದನ ಗೋಲ್ ಹೊಡೀತೀನಿ ಅಂದು, ಎರಡನೇ ಕಂಟ್ರೋಲರ್ ಟವೆಲ್ಲಿನ್ಯಾಗ ಸುತ್ತಿಕೊಂಡು ಸಿಂಧನೂರು ಬಸ್ ಹತ್ತಿದೆ.

ಪೋತ್ನಾಳ ಬಂತು. ಕುಂತ ಸೀಟಿನಿಂದನ ಮೊಮ್ಮಗಳಿಗೆ ಫೋನ್ ಹಚ್ಚಿ, ಮಾನ್ವಿ ಕಡೆ ಗುರಿ ಹಿಡಿದು ಒತ್ತಿದೆ. ಕಂಟ್ರೋಲರು ಕೈಯಾಗ ಗಡಗಡ ನಡುಗಿತು. ಗೋಲಾದ್ರ ಅದು ನಡುಗತದ ಅಂತ ಮೊದಲ ಗೊತ್ತಿತ್ತು. ಫೋನಿನ್ಯಾಗ ಹೋ ಅಂತ ಮಂದಿ ಚೀರಿದ್ರು. ವಾಪಸ್ ಬಂದಾಗ ಸಾವ್ಕಾರ್ರು ಎದ್ದು ನಿಂತು, ಖೋಲಿ ನಿಮದ ಅಂದ್ರು. ಈಗ ದಿನಾ ಸಂಜಿಗೆ ಮೊದಲ ಬಂದು ಕುಂದ್ರೋರು ಅವರೇ.

ಇಲ್ಲಿತನಕ ಹೇಳೂದ್ರಾಗ ಮೊಮ್ಮಗಳು ಟೈಪ್ ಮಾಡೋದು ನಿಲ್ಲಿಸಿದ್ಳು.

"ತಾತಾ, ನೀ ಬಸ್ ಹತ್ತೂಕಿಂತ ಮೊದಲ ಸಾವ್ಕಾರ್ರ ಕಂಟ್ರೋಲರಿನ ಸೆಲ್ ಮುಗದಿದ್ವು. ನಿನ್ನದರಾಗಿನ ಸೆಲ್ ತೆಗೆದು ಅದಕ್ಕ ಹಾಕಿದ್ದೆ. ನೀ ಒಯ್ದದ್ದು ಖಾಲಿ ಡಬ್ಬಿ."

"ಮತ್ತ ಗೋಲು?"

"ಸಾವ್ಕಾರ್ರು ತಮ್ಮ ಗೋಲಿಗೆ ತಾವ ಹೊಡಕೊಂಡ್ರು. ಖೋಲಿ ಉಳೀಲಿ ಅಂತ ನಾ ಬಾಯಿ ಬಿಡಲಿಲ್ಲ."

"ಕೈಯಾಗ ನಡುಗಿದ್ದು?"

"ಬಸ್ಸು ತಾತಾ. ಎಂಜಿನ್ ಚಾಲೂ ಇತ್ತು."

ನಾ ಹೆಗಲ ಮ್ಯಾಲಿನ ಟವೆಲ್ ಒಮ್ಮಿ ಝಾಡಿಸಿದೆ.

"ಹಂಗಾದ್ರ ಹಿಂಗ ಬರಿ," ಅಂದೆ, "ಸೆಲ್ಲೂ ಇಲ್ದಂಗ ಗೋಲ್ ಹೊಡೆದೆ ಅಂತ."