ಬಾಕಿಯಿಲ್ಲದವರ ಪತ್ತು

ದುಡ್ಡಿನ ವಿಷಯದಲ್ಲಿ ಶಿಸ್ತಾಗಿರಬೇಕೆಂದು ನಾನು ಹೊರಟಾಗಲೆಲ್ಲ ದಾವಣಗೆರೆಯಲ್ಲಿ ಏನಾದರೊಂದು ನಗೆಪಾಟಲು ಆಗದೆ ಇರುತ್ತಿರಲಿಲ್ಲ. ನಗುತ್ತಿದ್ದವರು ಬೇರೆಯವರು. ನಾನು ನಗಲು ಕಲಿತದ್ದು ಬಹಳ ತಡವಾಗಿ. ಅದೂ ಪೂರ್ತಿಯಾಗಿ ಅಲ್ಲ.

೧. ಕೂಡುವ ಅಕ್ಕಿ

ನಾನು ಕಾನ್ವೆಂಟಿನಲ್ಲಿ ಓದಿದವಳು. ಕೈಯಲ್ಲಿರುವಷ್ಟೇ ಖರ್ಚು ಮಾಡಬೇಕು, ಕೊಡಬೇಕಾದ್ದನ್ನು ಹೇಳಿದ ದಿನವೇ ಕೊಡಬೇಕು ಎಂದು ಅಲ್ಲಿ ಕಲಿತಿದ್ದೆ. ಮದುವೆಯಾಗಿ ಬಂದದ್ದು ಕೆ.ಬಿ. ಬಡಾವಣೆಯ ಬಾಡಿಗೆ ಮನೆಗೆ. ನಮ್ಮ ಯಜಮಾನರು ಹರಿಹರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುತ್ತಿದ್ದರು. ಯಾರು ಏನು ಕೇಳಿದರೂ ಇಲ್ಲವೆನ್ನದ ಮನುಷ್ಯ. ನಮ್ಮ ಮಗಳು ಹೈಸ್ಕೂಲಿಗೆ ಸೇರಿದ ವರ್ಷ, ರೈಲಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದ ಸಹೋದ್ಯೋಗಿಯೊಬ್ಬನ ಸಾಲಕ್ಕೆ ಜಾಮೀನು ರುಜು ಹಾಕಿಬಿಟ್ಟರು. ಆತ ಬೊಂಬಾಯಿಗೆ ಹೋದವನು ತಿರುಗಿ ಬರಲಿಲ್ಲ. ಸಾಲ ಕೊಟ್ಟವನು ನಮ್ಮ ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವ ಹಾಗೆ ಮಾತಾಡಿದ. ಅಲ್ಲಿಗೆ ಪೇಟೆಯಲ್ಲಿ ನಮ್ಮ ಪತ್ತು ಹೋಯಿತು.

ಈ ಊರಿನ ಅಂಗಡಿಯವರು ಉದ್ರಿ ಕೊಡುವುದಿಲ್ಲವೆಂದು ಮುಖದ ಮೇಲೆ ಹೇಳುವವರಲ್ಲ. ಎಂದಿನಂತೆ ತಿಂಗಳ ಲೆಕ್ಕಕ್ಕೆಂದು ನಾನು ಚೀಲ ಹಿಡಿದು ಹೋದಾಗ ದಿನಸಿ ಅಂಗಡಿಯವರು, "ಅಕ್ಕಿ ಖಾಲಿ ಆಗೈತ್ರಿ ಅಮ್ಮಾರೇ" ಎಂದರು.

"ನೀವು ಕೂತಿರುವುದು ಅಕ್ಕಿ ಮೂಟೆಯ ಮೇಲಲ್ಲವೇ?"

ಅವರು ಒಮ್ಮೆ ಕೆಳಗೆ ನೋಡಿಕೊಂಡರು. "ಇದು ಕೂಡಾಕ ಇಟ್ಕಂಡಿರೋ ಅಕ್ಕಿರಿ. ಮಾರಾಕಲ್ಲ."

೨. ಲಕೋಟೆಗಳ ಲೇವಾದೇವಿ

ಹೋದ ಪತ್ತನ್ನು ಮರಳಿ ಗಳಿಸಲೇಬೇಕೆಂದು ಸಂಬಳದ ದಿನ ಲಕೋಟೆಗಳನ್ನು ಸಾಲಾಗಿ ಜೋಡಿಸಿದೆ. ಬಾಡಿಗೆ, ದಿನಸಿ, ಹಾಲು, ಮಗಳ ಫೀಸು, ಜಾಮೀನಿನ ಸಾಲ. ಒಂದರ ದುಡ್ಡು ಇನ್ನೊಂದಕ್ಕೆ ಹೋಗಕೂಡದೆಂದು ಮನೆಯವರಿಗೆಲ್ಲ ತಾಕೀತು ಮಾಡಿದೆ. ನನ್ನ ಎರಡು ರೇಷ್ಮೆ ಸೀರೆ, ಯಜಮಾನರ ಸಿಗರೇಟು, ಭಾನುವಾರದ ಸಿನಿಮಾ ಎಲ್ಲವೂ ಆ ಕೊನೆಯ ಲಕೋಟೆಯ ಪಾಲಾದವು. ಸೀರೆಗಳ ನೆನಪು ಈಗಲೂ ಬರುತ್ತದೆ.

ಲಕೋಟೆಗಳ ಕಾವಲು ಹದಡಿ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯದು. ಒಂದು ದಿನ ಹಾಲಿನ ಲಕೋಟೆಯಲ್ಲಿ ಇರಬೇಕಾದ್ದಕ್ಕಿಂತ ನಾಲ್ಕಾಣೆ ಹೆಚ್ಚಿತ್ತು.

"ಇದೆಲ್ಲಿಂದ ಬಂತು ಅತ್ತೆ?"

"ಹೋದ ವಾರ ದಿನಸಿ ಕವರಿಗೆ ಕಮ್ಮಿ ಬಿದ್ದಿತ್ತವ್ವಾ. ಹಾಲಿನ ಕವರಿಂದ ಕೈಗಡ ಕೊಡ್ಸಿದ್ದೆ. ಇವತ್ತು ಬಡ್ಡಿ ಸಮೇತ ವಾಪಸ್ ಹಾಕ್ಸೀನಿ."

"ನಮ್ಮ ದುಡ್ಡಿಗೆ ನಾವೇ ಬಡ್ಡಿಯೇ? ಬಡ್ಡಿ ಬೇಕೆಂದು ಕೇಳಿದವರು ಯಾರು?"

ಅತ್ತೆಗೆ ನಿಜವಾಗಿ ಬೇಜಾರಾಯಿತು. "ಪಾಪ, ಹಾಲಿನ ಕವರಿಗೆ ಬಾಯಿಲ್ಲ ಅಂತ ಅದಕ್ಕ ನಾಮ ಹಾಕಾದೇನವ್ವಾ?"

೩. ಕೊನೆಯ ರೂಪಾಯಿ

ಕೆಲವು ವರ್ಷಗಳ ಮೇಲೆ ಜಾಮೀನಿನ ಸಾಲ ತೀರಿತು. ಉಳಿದದ್ದು ಯಜಮಾನರು ಜವಳಿ ಅಂಗಡಿಯಲ್ಲಿ ಮಾಡಿದ್ದ ಹಳೆಯ ಬಾಕಿ. ಆ ಸಾಹುಕಾರರು ಅದನ್ನು ಒಂದು ದಿನವೂ ಕೇಳಿದವರಲ್ಲ. ದೀಪಾವಳಿಗೆ ಮುಂಚೆ ಹೋಗಿ ಅಷ್ಟನ್ನೂ ಅವರ ಗಾದಿಯ ಮೇಲೆ ಇಟ್ಟೆ. ಅವರು ಎಣಿಸಿಕೊಂಡು ಒಂದು ರೂಪಾಯಿಯನ್ನು ನನ್ನ ಕಡೆಗೆ ಸರಿಸಿದರು.

"ಇದೊಂದು ಇರ್ಲಿ ಬಿಡ್ರಿ ಅಮ್ಮಾರೇ. ಪೂರಾ ಚುಕ್ತಾ ಮಾಡಬ್ಯಾಡ್ರಿ. ನಿಮಗೂ ನಮಗೂ ಋಣ ಹರದಂಗಾಗ್ತೈತೆ."

"ಇನ್ನು ಮುಂದೆ ನಗದು ಕೊಟ್ಟೇ ಕೊಳ್ಳುತ್ತೇನೆ. ಪೂರ್ತಿ ತೆಗೆದುಕೊಂಡು ರಸೀದಿ ಕೊಡಿ" ಎಂದೆ.

ಕೊಟ್ಟರು. ಮಾರನೆಯ ಬೆಳಿಗ್ಗೆ ಸಾಹುಕಾರರು, ಅವರ ಹೆಂಡತಿ ಇಬ್ಬರೂ ತೆಂಗಿನಕಾಯಿ, ಕುಪ್ಪಸದ ಖಣ ಹಿಡಿದು ನಮ್ಮ ಮನೆಗೆ ಬಂದರು. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು, "ಅಕ್ಕಾರೇ, ನಮ್ಮಿಂದ ಏನ್ ತಪ್ಪಾತು ಹೇಳಿಬಿಡ್ರಿ" ಎಂದರು.

ತಪ್ಪು ಏನೂ ಇಲ್ಲ, ಕೊಡಬೇಕಾಗಿತ್ತು, ಕೊಟ್ಟೆ, ಅಷ್ಟೇ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿ, ಗಂಡನ ಕಡೆ ತಿರುಗಿದರು.

"ಭಾಳ ನೊಂದಾರ್ರೀ. ಬಾಯಿ ಬಿಟ್ಟು ಹೇಳವಲ್ರು."

೪. ರಸೀದಿ ತೋರಿಸಬ್ಯಾಡ್ರಿ

ಆಮೇಲೆ ದಿನಸಿಯವರು, ದರ್ಜಿ, ಹಾಲಿನವಳು, ಯಾರ ಹತ್ತಿರವೂ ಒಂದು ಕಾಸು ಬಾಕಿ ಇಡಲಿಲ್ಲ. ಅಷ್ಟರಲ್ಲಿ ಮಗಳಿಗೆ ಹರಿಹರದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲ್ ಮೇಷ್ಟರು. ನೋಡಲು ಬಂದವನು ಮಗಳನ್ನು ಹಾಡು ಎನ್ನಲಿಲ್ಲ, ಏನು ಓದಿದ್ದೀರಿ ಎಂದು ಕೇಳಿದ. ಅವರು ಹೋದ ಮೇಲೆ ಅವಳು ಲೋಟ ತೊಳೆಯುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಇದ್ದೆ.

ಹೆಣ್ಣಿನ ಮನೆಯ ಯೋಗ್ಯತೆ ತಿಳಿಯಲು ಗಂಡಿನ ಕಡೆಯವರು ಪೇಟೆಯಲ್ಲಿ ಅಂಗಡಿ ಅಂಗಡಿ ಕೇಳಿಕೊಂಡು ಹೋಗುವುದು ಇಲ್ಲಿನ ರೂಢಿ. ಹುಡುಗನ ಸೋದರಮಾವ ಬರುತ್ತಾರೆಂದು ತಿಳಿದು ನನಗೆ ಹಬ್ಬವೇ ಆಯಿತು. ಬರಲಿ, ವಿಚಾರಿಸಲಿ!

ಅವರು ದಿನಸಿ ಅಂಗಡಿಯಲ್ಲಿ ಕೇಳಿದರು: "ಅವರ ಬಾಕಿ ಎಷ್ಟೈತೆ?" "ಏನೂ ಇಲ್ರಿ." ಜವಳಿ ಅಂಗಡಿಯಲ್ಲಿ: "ಈಗ ನಮ್ಮಲ್ಲಿ ಅವರ ಖಾತೆನೇ ಇಲ್ರಿ." ದರ್ಜಿ ಹೇಳಿದ: "ರೊಕ್ಕ ಕೈಯಾಗ ಇಟ್ಟೇ ಬಟ್ಟೆ ತಗಂಡ್ ಹೋಗ್ತಾರೆ."

ಒಂದು ವಾರದ ಮೇಲೆ ಮದುವೆ ಮಾತು ತಂದಿದ್ದ ಹಿರಿಯರು ಬಂದು ತಲೆ ತಗ್ಗಿಸಿ ಕೂತರು. "ಇಷ್ಟು ದೊಡ್ಡ ಪೇಟೆಯಾಗ ಒಬ್ಬನೂ ಒಂದ್ರೂಪಾಯಿ ಉದ್ರಿ ಕೊಡವಲ್ಲ ಅಂದ್ರೆ ಮನೆತನ ಎಂಥದಿರಬೇಕು ಅಂದ್ರಂತೆ ಸೋದರಮಾವ."

ನಾನು ಎದ್ದು ಹೋಗಿ ರಸೀದಿಗಳ ಕಟ್ಟು ತಂದು ಅವರ ಮುಂದೆ ಇಟ್ಟೆ. ಹಿರಿಯರು ಗಾಬರಿಯಾದರು. "ಇವನ್ನ ತೋರಿಸಬ್ಯಾಡ್ರಿ ಅಮ್ಮಾರೇ! ರಸೀದಿ ಬರಸ್ಕಂತಾರೆ ಅಂದ್ರೆ ಇವರೂ ಯಾರನ್ನೂ ನಂಬಂಗಿಲ್ಲ ಅಂತಾರೆ."

ಕೊಡಬೇಕಾದ್ದನ್ನು ಕೊಟ್ಟದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಆ ಹುಡುಗ ಒಳ್ಳೆಯವನಿದ್ದ. "ಇರಲಿ ಬಿಡಮ್ಮ" ಎಂದಳು ಮಗಳು. ಆಮೇಲೆ ಲೋಟ ತೊಳೆಯುವಾಗ ಅವಳು ಗುನುಗಿದ್ದನ್ನು ನಾನು ಕೇಳಲಿಲ್ಲ.

೫. ಸೀರೆಯ ಬೆಲೆ

ಮರುವರ್ಷ ಇನ್ನೊಂದು ಸಂಬಂಧ ಬಂತು. ಇದೂ ಹರಿಹರದ್ದೇ, ವ್ಯಾಪಾರಸ್ಥರು, ದೊಡ್ಡ ಮನೆ. ಈ ಸಲವೂ ತಪ್ಪಿದರೆ ಮಗಳ ಮೇಲೆ ಮಾತು ಬರುತ್ತದೆಂದು ಯಜಮಾನರು ಊಟ ಬಿಟ್ಟು ಕೂತರು. ನಾನು ಗಂಜಿ ಹಾಕಿದ ಸೀರೆಯುಟ್ಟು ಜವಳಿ ಅಂಗಡಿಗೆ ನಡೆದೆ. ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಆ ಮಾತು ಆಡಿದೆ.

"ಒಂದು ಸೀರೆ ಬೇಕಿತ್ತು. ಉದ್ರಿ."

ಸಾಹುಕಾರರು ಗಾದಿಯಿಂದ ಎದ್ದೇ ಬಿಟ್ಟರು. "ಕೂಡ್ರಿ, ಕೂಡ್ರಿ! ಏ, ಅಮ್ಮಾರಿಗೆ ಸೋಡಾ ತರ್ಸಪ್ಪಾ! ಅಂತೂ ಸಿಟ್ಟು ಇಳೀತು!"

ಹದಿನೆಂಟು ರೂಪಾಯಿಯ ಸೀರೆ. ಕಂಕುಳಲ್ಲಿ ಇಟ್ಟುಕೊಂಡು ಬರುವಾಗ ಕದ್ದ ಮಾಲಿನ ಹಾಗೆ ಅನ್ನಿಸಿತು. ಹೊರಡುವಾಗ ಹೇಳಿದ್ದೆ: "ಹರಿಹರದವರು ವಿಚಾರಿಸಲು ಬರಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳಿ."

"ಅದನ್ನ ನನಗ ಬಿಡ್ರಿ" ಎಂದಿದ್ದರು.

ಎರಡು ದಿನದ ಮೇಲೆ ಹುಡುಗನ ತಂದೆ ಪೇಟೆಯಿಂದ ನೇರವಾಗಿ ನಮ್ಮ ಮನೆಗೇ ಬಂದರು. ಕೂಡುವ ಮೊದಲೇ ಯಜಮಾನರಿಗೆ ಬಗ್ಗಿ ನಮಸ್ಕಾರ ಮಾಡಿದರು.

"ಎರಡು ಸಾವಿರ ಬಾಕಿ ಐತಂತೆ, ಆದ್ರೂ ಜವಳಿ ಸಾವ್ಕಾರ್ರು ಒಂದಿನ ಕೇಳಾಕ ಹೋಗಿಲ್ಲಂತೆ! ಏನ್ ಪತ್ತುರೀ ನಿಮ್ದು!"

ಯಜಮಾನರ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಅದು ಸುಳ್ಳೆಂದು ಹೇಳಲು ನಾನು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಬಾಯಿ ಮುಚ್ಚಿದೆ. ಸಕ್ಕರೆ ಹಂಚಿ ನಿಶ್ಚಯವನ್ನೂ ಮಾಡಿಕೊಂಡೇ ಅವರು ಎದ್ದರು.

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. "ಹದಿನೆಂಟು ರೂಪಾಯಿಯನ್ನು ಎರಡು ಸಾವಿರ ಮಾಡಿದಿರಲ್ಲ! ಇನ್ನು ಈ ಊರಿನಲ್ಲಿ ನಾನು ತಲೆಯೆತ್ತಿ ಓಡಾಡುವುದು ಹೇಗೆ?"

ಸಾಹುಕಾರರ ಮುಖ ಸಣ್ಣದಾಯಿತು. ಆಚೆ ಈಚೆ ನೋಡಿ ದನಿ ತಗ್ಗಿಸಿದರು.

"ತಪ್ಪಾತ್ರಿ ಅಮ್ಮಾರೇ. ಆಮ್ಯಾಲೆ ಗೊತ್ತಾತು, ಹುಡುಗನ ಮನೆಯೋರ ಬಾಕಿ ಹರಿಹರದಾಗ ಮೂರು ಸಾವಿರ ಐತಂತೆ. ನಾನು ನಾಲ್ಕು ಅನ್ನಬೇಕಿತ್ತು."