ಮಾವನವರ ಎಡಗೆನ್ನೆ, ಬಲಗೆನ್ನೆ

ಗಂಡನ ಸಂಪಾದನೆಯನ್ನು ಹೆಂಡತಿ ತನ್ನ ತಮ್ಮನ ಸಂಪಾದನೆಯೊಂದಿಗೆ ಹೋಲಿಸಿದರೆ ತಡೆದುಕೊಳ್ಳಬಹುದು. ಗಂಡನ ಬುದ್ಧಿಯನ್ನು ತಮ್ಮನ ಬುದ್ಧಿಯೊಂದಿಗೆ ಹೋಲಿಸಿದರೂ, ಬುದ್ಧಿ ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ, ನಕ್ಕು ಸುಮ್ಮನಿರಬಹುದು. ಆದರೆ ಕೆನ್ನೆಯನ್ನು ಕೆನ್ನೆಯೊಂದಿಗೆ ಹೋಲಿಸಿದರೆ? ಅದೂ ಮುಟ್ಟಿ ಮುಟ್ಟಿ? ಅದೂ ಅತ್ತೆಯ, ಅಂದರೆ ನನ್ನ ಹೆತ್ತ ಅವ್ವನ ಎದುರಿಗೆ?

ನಾನು ಗುರುಬಸವರಾಜ. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪೈಪು, ಪಂಪ್‌ಸೆಟ್ಟಿನ ಅಂಗಡಿ ಇದೆ. ಹೆಂಡತಿ ಗಂಗಾಂಬಿಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. (ಶಾಲೆಯಲ್ಲಿ ಮಾತ್ರ ಟೀಚರು ಎಂದು ಯಾರಾದರೂ ತಿಳಿದಿದ್ದರೆ ಅವರು ನಮ್ಮ ಮನೆಗೆ ಬಂದಿಲ್ಲ ಎಂದರ್ಥ.) ಆ ಭಾನುವಾರ ಅವಳ ತಮ್ಮ ಪ್ರವೀಣಕುಮಾರ್ ಕೊಟ್ಟೂರಿನಿಂದ ಬಂದಿದ್ದ. ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಕರೆದು ಹೋಗಬಹುದಿತ್ತು. ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ತನ್ನ ಕೆನ್ನೆಯನ್ನು ತಾನೇ ಸವರಿಕೊಳ್ಳುತ್ತ ಉಪನ್ಯಾಸ ಶುರು ಮಾಡಿದ.

"ಭಾವಾರ, ನನ್ನ ಹೊಸಾ ರೇಜರಿನಾಗ ಐದು ಬ್ಲೇಡ್ ಅದಾವ್ರಿ. ಮೊದಲ್ನೇದು ಕೂದ್ಲಾ ಎಬ್ಬಸ್ತೈತಿ, ಎರಡ್ನೇದು ಕೊಯ್ತೈತಿ."

"ಉಳದ ಮೂರು ಏನು ಮಾಡ್ತಾವಪ?" ಎಂದೆ.

ಅವನು ಸ್ವಲ್ಪ ಯೋಚಿಸಿ, "ಅವು ಸಪೋರ್ಟಿಗೆ ಅದಾವ್ರಿ" ಎಂದ. ಒಬ್ಬ ಗುಂಡಿ ತೋಡುವುದು, ಉಳಿದವರು ದಂಡೆಯ ಮೇಲೆ ನಿಂತು ನೋಡುವುದು ರಸ್ತೆ ಕೆಲಸದಲ್ಲಿ ಮಾತ್ರ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ.

ಅಷ್ಟರಲ್ಲಿ ಗಂಗಾಂಬಿಕಾ ಬಂದು ತಮ್ಮನ ಕೆನ್ನೆಯ ಮೇಲೆ ಅಂಗೈ ಆಡಿಸಿದಳು. "ಬೆಣ್ಣಿ ಆಗೇತಿ ನೋಡ್ರಿ ಅತ್ತಿ, ಬೆಣ್ಣಿ! ನಿಮ್ಮ ಮಗನ ಗಲ್ಲದ ಮ್ಯಾಲ ಕೊಬ್ರಿ ತುರೀಬಹುದು."

ನಮ್ಮವ್ವ ಅನ್ನದಾನಮ್ಮ ಮಗನ ಪರ ನಿಲ್ಲುತ್ತಾಳೆಂದು ನೋಡಿದೆ. ಅವಳು ನಿಟ್ಟುಸಿರು ಬಿಟ್ಟು, "ಇವರಪ್ಪಂದೂ ಹಂಗ ಇತ್ತವ್ವಾ. ಹಾಸಿಗಿ ಹಿಂಜತಿತ್ತು" ಎಂದಳು.

ಅವಮಾನ ಎರಡು ತಲೆಮಾರಿಗೆ ವ್ಯಾಪಿಸಿದ ಮೇಲೆ ಸುಮ್ಮನಿರುವುದು ಹೇಗೆ? ಅಂದೇ ಫೋನಿನಲ್ಲಿ ಹುಡುಕಿದೆ. ಬಿಸಿನೀರು, ಬ್ರಷ್ಷು, ನೊರೆ, ಒಂದೇ ಬ್ಲೇಡಿನ ಲೋಹದ ಸೇಫ್ಟಿ ರೇಜರ್ ಹಿಡಿದು ಧ್ಯಾನಸ್ಥರಂತೆ ದಾಡಿ ಮಾಡಿಕೊಳ್ಳುವ ಮಹಾತ್ಮರ ವಿಡಿಯೋಗಳು ರಾಶಿ ರಾಶಿ ಸಿಕ್ಕವು. ತರಿಸಿಯೇ ಬಿಟ್ಟೆ. ಏನು ತೂಕ, ಏನು ಹೊಳಪು! ಹಿಡಿ ತಿರುಗಿಸಿದರೆ ತಲೆಯ ಮೇಲಿನ ಎರಡು ರೆಕ್ಕೆಗಳು ದೇವರ ಮನೆ ಬಾಗಿಲಿನಂತೆ ತೆರೆಯುತ್ತಿದ್ದವು. ಒಳಗೆ ಬ್ಲೇಡನ್ನು ಮಲಗಿಸಿ ಬಾಗಿಲು ಮುಚ್ಚಿದರೆ ಆಯಿತು.

ಇಷ್ಟು ವರ್ಷ ಪ್ಲಾಸ್ಟಿಕ್ಕಿನ ರೇಜರನ್ನು ಕೆನ್ನೆಗೆ ಒತ್ತಿ ಉಜ್ಜಿ ಅಭ್ಯಾಸವಾಗಿದ್ದ ಕೈ. ಇದನ್ನೂ ಹಾಗೆಯೇ ಒತ್ತಿದೆ. ಮುಂದಿನದನ್ನು ಒಂದೇ ಪದದಲ್ಲಿ ಹೇಳಬಹುದು: ಮುಖಭಂಗ. (ಈ ಪದವನ್ನು ಮಾಡಿದವರು ಖಂಡಿತ ಹೊಸ ರೇಜರ್ ಕೊಂಡವರೇ ಇರಬೇಕು.) ರಕ್ತ ನಿಲ್ಲಲೆಂದು ಪತ್ರಿಕೆಯ ಚೂರುಗಳನ್ನು ಅಂಟಿಸಿಕೊಂಡು ಹೊರಗೆ ಬಂದೆ. ಗಂಗಾಂಬಿಕಾ ನಗಲಿಲ್ಲ. ಹತ್ತಿರ ಬಂದು, ಕನ್ನಡಕ ಏರಿಸಿ, ನನ್ನ ಮುಖವನ್ನು ಓದಿದಳು.

"ಮೆಕ್ಕಿಜೋಳದ ಧಾರಣಿ ನಿಮ್ಮ ಗದ್ದದ ಮ್ಯಾಲ ಐತಿ. ಶೇಂಗಾದ್ದು ಎಲ್ಲೈತ್ರಿ, ಕುತ್ತಿಗಿ ಕೆಳಗೇನು?"

ಆ ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಮೋಟಾರಿನ ಬಗ್ಗೆ ಹೇಳುತ್ತಿದ್ದೆ. "ಪ್ರೆಶರ್ ಜಾಸ್ತಿ ಕೊಡಬ್ಯಾಡ್ರಿ, ಪೈಪು ಒಡೀತಾವ" ಎನ್ನುತ್ತಿದ್ದಂತೆ ನನಗೇ ಜ್ಞಾನೋದಯವಾಯಿತು. ಲೋಕಕ್ಕೆಲ್ಲ ಪ್ರೆಶರ್ ಬಗ್ಗೆ ಬೋಧಿಸುವವನು ಮನೆಯಲ್ಲಿ ಏನು ಮಾಡಿದ್ದ? ಮರುದಿನ ರೇಜರನ್ನು ಎರಡೇ ಬೆರಳಲ್ಲಿ ಹಿಡಿದು, ಸ್ವಲ್ಪ ಓರೆ ಮಾಡಿ, ಅದರ ತೂಕಕ್ಕೆ ಅದನ್ನೇ ಇಳಿಯಲು ಬಿಟ್ಟೆ. ಕೂದಲು ಹುಟ್ಟಿದ ದಿಕ್ಕಿಗೇ ಸಣ್ಣ ಸಣ್ಣ ಎಳೆತ. ಒಂದು ಹನಿ ರಕ್ತವಿಲ್ಲ!

ಯಶಸ್ಸು ಕೆಟ್ಟದ್ದು. ರೆಕ್ಕೆಯ ರೇಜರ್ ಸೌಮ್ಯವಾಗಿತ್ತು, ಆದರೆ ದವಡೆಯ ಕೆಳಗೆ ಒಂದಿಷ್ಟು ಉಳಿಸುತ್ತಿತ್ತು. ದಟ್ಟ ಗಡ್ಡಕ್ಕೆ ಬಾಚಣಿಗೆಯಂಥ ಹಲ್ಲಿನ ರೇಜರೇ ಒಳ್ಳೆಯದೆಂದು ಮಹಾತ್ಮರು ಹೇಳಿದ್ದರು. ತರಿಸಿದೆ. ಎರಡನ್ನೂ ತೂಗಿ ನೋಡಲು ಹಲ್ಲೂ ರೆಕ್ಕೆಯೂ ಇಲ್ಲದ ಸಾದಾ ಅಂಚಿನದೂ ಒಂದಿರಲಿ ಎಂದು ಅದನ್ನೂ ತರಿಸಿದೆ. ಬಚ್ಚಲ ಕಿಟಕಿಯಲ್ಲಿ ಮೂವರೂ ಸಾಲಾಗಿ ನಿಂತದ್ದನ್ನು ಗಂಗಾಂಬಿಕಾ ಕಂಡಳು.

"ಒಂದು ಮಾರಿಗೆ ಮೂರು ರೇಜರ್ ಯಾಕ್ರಿ? ರಾವಣ ಆಗಬೇಕಂತ ಮಾಡೀರೇನು?"

"ಹೋಲಿಕಿ ಮಾಡಾಕ ಬೇಕು" ಎಂದೆ.

ಹೋಲಿಕೆ ಎಂಬ ಶಬ್ದ ಕೇಳಿದ್ದೇ ತಡ, ಅವಳೊಳಗಿನ ಟೀಚರು ಎದ್ದು ಸೀಮೆಸುಣ್ಣ ಕೈಗೆತ್ತಿಕೊಂಡಳು. "ಹೋಲಿಕಿ ಅಂದ್ರ ಮನಸಿಗೆ ಬಂದಂಗ ಹೆರಕೊಳ್ಳೋದಲ್ರಿ. ಒಂದ ಮಾರಿ, ಒಂದ ನೀರು, ಒಂದ ಸಾಬೂನು. ರೇಜರ್ ಒಂದ ಬ್ಯಾರೆ ಇರಬೇಕು. ಎಡಕ್ಕ ಒಂದು, ಬಲಕ್ಕ ಒಂದು. ನಾ ಪರೀಕ್ಷಾ ಮಾಡ್ತೀನಿ."

ನುಣುಪಿಗೆ ಪರೀಕ್ಷೆ ಹೀಗೆ: ಅವ್ವ ಬತ್ತಿ ಹೊಸೆಯುವ ಹತ್ತಿಯಿಂದ ಒಂದು ಎಳೆ ಕಿತ್ತು ಕೆನ್ನೆಯ ಮೇಲೆ ಎಳೆಯುವುದು. ಒಂದು ನಾರು ಸಿಕ್ಕಿಕೊಂಡರೂ ನಪಾಸು. ಸುಖಕ್ಕೆ ಪರೀಕ್ಷೆ: ಪಟಿಕದ ತುಂಡನ್ನು ಉಜ್ಜುವುದು, ನಾನು 'ಸ್ಸ್' ಎಂದಷ್ಟೂ ಅಂಕ ಕಡಿತ. ಚುರುಕಿಗೆ: ಒಲೆಯ ಮೇಲಿನ ಚಹಾ ಉಕ್ಕುವುದರೊಳಗೆ ಕೆನ್ನೆ ಮುಗಿದಿರಬೇಕು. (ಮೊದಲ ದಿನ ಚಹಾ ಉಕ್ಕಿತು. ಒಲೆ ಒರೆಸಿದ್ದೂ ನಾನೇ.)

ಹಲ್ಲಿನ ರೇಜರ್ ಕುಂಟೆ ಹೊಡೆದ ಹಾಗೆ ಗಡ್ಡವನ್ನು ಸಾಫ್ ಮಾಡುತ್ತಿತ್ತು, ಆದರೆ ಕುತ್ತಿಗೆಯ ಹತ್ತಿರ ಬಂದರೆ ಕಚ್ಚುತ್ತಿತ್ತು. ಸಾದಾ ಅಂಚಿನದು ಯಾವುದರಲ್ಲೂ ಮೊದಲಲ್ಲ, ಯಾವುದರಲ್ಲೂ ಕಡೆಯಲ್ಲ, ನನ್ನ ಶಾಲಾ ದಿನಗಳ ಹಾಗೆ. ಪ್ರಯೋಗ ನಡೆದಷ್ಟು ದಿನ ನಾನು ಅಂಗಡಿಗೆ ಎರಡು ಬಗೆಯ ಕೆನ್ನೆ ಹೊತ್ತು ಹೋಗುತ್ತಿದ್ದೆ. ಪಕ್ಕದ ಗೊಬ್ಬರದಂಗಡಿಯ ಕೊಟ್ರಸ್ವಾಮಿ ಕೇಳಿಯೇಬಿಟ್ಟ: "ಅಣ್ಣಾರ, ಈ ಕಡಿಂದ ನೋಡಿದ್ರ ನೀವು ಕಾಣ್ತೀರಿ, ಆ ಕಡಿಂದ ನೋಡಿದ್ರ ನಿಮ್ಮ ದೊಡ್ಡಪ್ಪಾರು ಕಾಣ್ತಾರ. ಬಾಕಿ ಕೇಳಾಕ ಯಾವ ಕಡಿಂದ ಬರಬೇಕ್ರಿ?"

ಕೊನೆಗೆ ಗುಟ್ಟು ಹೊಳೆಯಿತು. ಮೊದಲು ಹಲ್ಲಿನ ರೇಜರಿನಲ್ಲಿ ಕೂದಲು ಹೋದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ರೆಕ್ಕೆಯ ರೇಜರಿನಲ್ಲಿ ಅಡ್ಡಡ್ಡ. ಗಂಗಾಂಬಿಕಾ ಹತ್ತಿ ಎಳೆದಳು. ಅದು ಕಿವಿಯಿಂದ ಗದ್ದದವರೆಗೆ ತಡೆಯಿಲ್ಲದೆ ಜಾರಿತು. ಪಟಿಕ ಉಜ್ಜಿದಳು. ನಾನು ಮುಗುಳ್ನಕ್ಕೆ.

"ಪಾಸು" ಎಂದಳು, ಗ್ರೇಸ್ ಅಂಕ ಕೊಟ್ಟವರ ದನಿಯಲ್ಲಿ.

"ನಿನ್ನ ತಮ್ಮನ ಗಲ್ಲಕ್ಕಿಂತ ನುಣ್ಣಗೈತೋ ಇಲ್ಲೋ?"

"ಅದು ಬ್ಯಾರೆ ಮಾರಿ, ಇದು ಬ್ಯಾರೆ ಮಾರಿ. ಹೋಲಸಾಕ ಬರಂಗಿಲ್ರಿ. ಇಬ್ಬರ ರೇಜರೂ ಒಂದ ಮಾರಿ ಮ್ಯಾಲ ನೋಡಬೇಕಾಕ್ಕೈತಿ."

ಆ ಒಂದು ಮಾರಿ ಕೊಟ್ಟೂರಿನಲ್ಲಿ ನಮ್ಮನ್ನು ಕಾಯುತ್ತಿತ್ತು.

ಗೃಹಪ್ರವೇಶದ ದಿನ ಬೆಳಿಗ್ಗೆಯೇ ನಮ್ಮ ಕಾರಿನಲ್ಲಿ ಹೋದೆವು. ಮೂರೂ ರೇಜರ್ ನನ್ನ ಚೀಲದಲ್ಲಿದ್ದವು. (ಯೋಧ ಕತ್ತಿ ಬಿಟ್ಟು ಹೋಗುತ್ತಾನೆಯೇ?) ಹೊಸ ಮನೆಯ ಮುಂದೆ ಹಂದರ, ಒಳಗೆ ಹೋಳಿಗೆಯ ವಾಸನೆ, ಅಂಗಳದಲ್ಲಿ ಫೋಟೋದವರು. ನಡುವೆ ಒಂದು ಸಮಸ್ಯೆ ಕುರ್ಚಿಯ ಮೇಲೆ ಕೂತಿತ್ತು: ನನ್ನ ಮಾವನವರಾದ ಶಿವಯೋಗಪ್ಪನವರು. ಅವರ ಗಡ್ಡ ಜಾಲಿ ಮುಳ್ಳಿನ ಜಾತಿಯದು. ಅದಕ್ಕಿಂತ ದೊಡ್ಡ ತೊಡಕೆಂದರೆ ಅವರು ದಾಡಿ ಮಾಡಿಸಿಕೊಳ್ಳುವಾಗ ಮಾತಾಡುತ್ತಾರೆ, ಮಾತಾಡುವಾಗ ಕತ್ತು ತಿರುಗಿಸುತ್ತಾರೆ, ತಿರುಗಿಸಿದಾಗ ಏನಾದರೂ ಆದರೆ ಮಾಡುವವರ ಮೇಲೆ ರೇಗುತ್ತಾರೆ. ಹೀಗೆ ಊರಿನ ಎಲ್ಲ ಸಲೂನುಗಳ ಜೊತೆಗೂ ಮಾತು ಬಿಟ್ಟು, ಮುಖವನ್ನು ಬೀಳು ಬಿಟ್ಟಿದ್ದರು.

ಪ್ರವೀಣನ ಹೆಂಡತಿ ಸೌಭಾಗ್ಯ ಅಳುವ ಸ್ಥಿತಿಯಲ್ಲಿದ್ದಳು. "ನೋಡ್ರಿ ಅಕ್ಕಾರ, ಮಾವಾರು ಈ ಗಡ್ಡದಾಗ ಫೋಟೋಕ್ಕ ಕುಂತ್ರ ಮಂದಿ ಏನಂದಾರು? ಮನಿ ಕಟ್ಟಿಸಿ ಹಿರ್ಯಾರನ್ನ ನೋಡವಲ್ರು ಅಂತಾರ."

ಗಂಗಾಂಬಿಕಾಳ ಕಣ್ಣುಗಳು ಮಿಂಚಿದವು. "ಪ್ರವೀಣಾ, ನೀ ಎಡಗಲ್ಲ ತಗೋ. ರೀ, ನೀವು ಬಲಗಲ್ಲ. ಸೋತವರು ಇನ್ನ ಈ ಮನೆತನದಾಗ ಗಡ್ಡದ ಮಾತು ತಗೀಬಾರದು."

ಹಿತ್ತಲಿನಲ್ಲಿ ಕುರ್ಚಿ ಹಾಕಲಾಯಿತು. ಬೀಗರು, ನೆಂಟರು, ಅಡುಗೆಯವರು ಸೌಟು ಸಮೇತ ನೆರೆದರು. ಮೊದಲು ಪ್ರವೀಣ. ಡಬ್ಬಿ ಒತ್ತಿ ಬುಸ್ಸೆಂದು ನೊರೆ ಬಿಟ್ಟು, ಐದು ಬ್ಲೇಡನ್ನು ಒಂದೇ ಸಲಕ್ಕೆ ಇಳಿಸಿದ. ಬೆರಳುದ್ದ ಹೋಗುವುದರಲ್ಲೇ ಬ್ಲೇಡುಗಳ ಸಂದಿಯಲ್ಲಿ ಕೂದಲು ತುಂಬಿ ಯಂತ್ರ ನಿಂತಿತು. ಅವನು ಎಳೆದ.

"ಏ ಪ್ರವೀಣ್ಯಾ!" ಮಾವನವರು ಗರ್ಜಿಸಿದರು. "ಗಡ್ಡ ತಗೀತೀಯೋ, ಶೇಂಗಾ ಕೀಳ್ತೀಯೋ?"

ನೀರಿಗೆ ಅದ್ದಿದ, ಜಾಡಿಸಿದ, ಮತ್ತೆ ಎಳೆದ. ಮಾವನವರು ಮಗನ ಬಾಲ್ಯದ ತಪ್ಪುಗಳನ್ನೆಲ್ಲ ಸಭೆಗೆ ವಿವರಿಸುತ್ತ ಆಚೀಚೆ ತಿರುಗುತ್ತಿದ್ದರು. ಅಂತೂ ಮುಗಿಯಿತು. ಗಂಗಾಂಬಿಕಾ ಹತ್ತಿ ಎಳೆದಳು. ಎಳೆ ವಾಪಸು ಬರಲಿಲ್ಲ. ಮಾವನವರ ಎಡಗೆನ್ನೆ ಬಿಡಿಸಲು ಸಿದ್ಧವಾದ ಹತ್ತಿಹೊಲದಂತೆ ಕಂಡಿತು.

ಈಗ ನನ್ನ ಸರದಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮುಖಕ್ಕೆ ಸುತ್ತಿದೆ. ಬ್ರಷ್ಷಿನಲ್ಲಿ ಸಾಬೂನನ್ನು ತಿರುವಿ ತಿರುವಿ ಗಟ್ಟಿ ಮೊಸರಿನಂಥ ನೊರೆ ಎಬ್ಬಿಸಿ, ಗಡ್ಡದ ಬುಡಕ್ಕೆ ಇಳಿಯುವಂತೆ ಹಚ್ಚಿದೆ. ಹೊಸ ಬ್ಲೇಡು ಹಾಕಿದೆ. ಆದರೆ ಮಾವನವರ ಕೆನ್ನೆ ಒಳಗೆ ಹೋಗಿ ಹಳ್ಳವಾಗಿತ್ತು. ಹಳ್ಳದಲ್ಲಿ ರೇಜರ್ ಹೇಗೆ ಓಡೀತು? ಮೇಲಾಗಿ ಅವರು ಮಗನ ಬಾಲ್ಯ ಮುಗಿಸಿ ನನ್ನ ಮದುವೆಯ ದಿನದ ತಪ್ಪುಗಳಿಗೆ ಬರುವುದರಲ್ಲಿದ್ದರು. ಹಿತ್ತಲಿಡೀ ನನ್ನನ್ನೇ ನೋಡುತ್ತಿತ್ತು. ಆಗ ಹೊಳೆಯಿತು.

"ಮಾವಾರ, ಗಲ್ಲ ಉಬ್ಬಸ್ರಿ! ಗಾಳಿ ಬಿಡಬ್ಯಾಡ್ರಿ!"

ಅವರು ಬಾಯಿ ಮುಚ್ಚಿ ಗಾಳಿ ತುಂಬಿದರು. ಹಳ್ಳ ಹೋಗಿ ಗುಡ್ಡವಾಯಿತು. ಬಾಯಲ್ಲಿ ಗಾಳಿ ತುಂಬಿಕೊಂಡವರು ಮಾತಾಡುವುದೆಂತು? ಮಾತಿಲ್ಲದ ಮೇಲೆ ಕತ್ತು ತಿರುಗಿಸುವುದೇಕೆ? ಒಂದೇ ಏಟಿಗೆ ಮೂರು ಹಕ್ಕಿ! ಹಲ್ಲಿನ ರೇಜರ್ ಸರ್ ಸರ್ ಎಂದು ಇಳಿಯಿತು. ಮತ್ತೆ ನೊರೆ, ಮತ್ತೆ ರೆಕ್ಕೆಯ ರೇಜರ್ ಅಡ್ಡಡ್ಡ. ತಣ್ಣೀರು, ಪಟಿಕ. 'ಸ್ಸ್' ಕೇಳಿಸಲಿಲ್ಲ. ಕೇಳಿಸಿದ್ದು ಸಣ್ಣ ಗೊರಕೆ. ಮಾವನವರು ಕೂತಲ್ಲೇ ನಿದ್ದೆ ಹೋಗಿದ್ದರು!

ಗಂಗಾಂಬಿಕಾ ಹತ್ತಿ ಇಟ್ಟಳು. ಎಳೆಯಬೇಕಾಗಿಯೇ ಬರಲಿಲ್ಲ. ಇಟ್ಟ ಹತ್ತಿ ತಾನಾಗಿ ಜಾರಿ ನೆಲಕ್ಕೆ ಬಿತ್ತು.

"ನುಣುಪು, ಸುಖ, ಚುರುಕು, ಮೂರರಾಗೂ ನಮ್ಮನಿಯವರ ಫಸ್ಟು!" ಎಂದು ತರಗತಿಯ ದನಿಯಲ್ಲಿ ಸಾರಿದಳು. ಅಡುಗೆಯವರು ಸೌಟು ಬಡಿದರು. ಸದ್ದಿಗೆ ಎಚ್ಚರಗೊಂಡ ಮಾವನವರು ಬಲಗೆನ್ನೆ ಸವರಿಕೊಂಡರು, ಎಡಗೆನ್ನೆ ಸವರಿಕೊಂಡರು, ಮಗನ ಕಡೆ ಒಮ್ಮೆ ನೋಡಿ, "ಅಳಿಯಾರ, ಈ ಕಡೀದೂ ನೀವ ಮಾಡಿಬಿಡ್ರಿ" ಎಂದರು.

ಫೋಟೋದಲ್ಲಿ ಮಾವನವರು ಮದುವಣಿಗನಂತೆ ಹೊಳೆದರು. ಬಂದವರೆಲ್ಲ ಹೊಸ ಮನೆಯ ಗೋಡೆ ಬಿಟ್ಟು ಅವರ ಕೆನ್ನೆ ಮುಟ್ಟಿ ನೋಡಿದರು. ಪ್ರವೀಣ ಎಲ್ಲರೆದುರು ಕೈಮುಗಿದು, "ಸೋತೆ ಭಾವಾರ" ಎಂದ. ಊಟಕ್ಕೆ ಕೂತಾಗ ನನಗೆ ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಗಂಗಾಂಬಿಕಾ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕೆನ್ನೆಯ ಮೇಲೆ ಬೆರಳು ಎಳೆದಳು.

"ಹತ್ತಿ ಬ್ಯಾಡೇನು?" ಎಂದೆ.

"ಸುಮ್ನಿರ್ರಿ" ಎಂದು ನಾಚಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಉಪಕರಣವಿಲ್ಲದೆ ಮಾಡಿದ ಮೊದಲ ಪರೀಕ್ಷೆ ಅದು. ಆ ಕ್ಷಣದಲ್ಲಿ ಉಚ್ಚಂಗಿದುರ್ಗದ ಕೋಟೆ ಗೆದ್ದವರಿಗೂ ನನ್ನಷ್ಟು ಹೆಮ್ಮೆ ಆಗಿರಲಾರದು.

ಸಂಜೆ ಹೊರಟು ಕಾರಿನ ಹತ್ತಿರ ಬಂದೆ. ಮುಂದಿನ ಸೀಟಿನಲ್ಲಿ ಮಾವನವರು ರುಮಾಲು ಸುತ್ತಿಕೊಂಡು ಕೂತಿದ್ದರು. ಹಿಂದೆ ಪ್ರವೀಣನೂ ಸೌಭಾಗ್ಯಳೂ ಡಿಕ್ಕಿಯಲ್ಲಿ ಟ್ರಂಕು, ದಿಂಬು, ಕಷಾಯದ ಡಬ್ಬಿ, ಊರುಗೋಲು ತುಂಬುತ್ತಿದ್ದರು. ಸೋತವರ ಮುಖ ಅಷ್ಟು ಅರಳಿದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.

"ಏನಪ ಇದು?"

"ಅಪ್ಪಾರು ಹಟ ಹಿಡದಾರ್ರಿ ಭಾವಾರ. ನಿಮ್ಮ ಕೈ ಬಿಟ್ಟು ಇನ್ನೊಬ್ಬರ ಕೈ ತಮ್ಮ ಗಡ್ಡಕ್ಕ ಹತ್ತಬಾರದಂತ. ನಮ್ಮ ಐದು ಬ್ಲೇಡಿಗೆ ಆಗದ ಕೆಲಸರಿ ಅದು. ನಿಮ್ಮಂಥಾರಿಗೇ ಸೈ!"

ಸಹಾಯಕ್ಕಾಗಿ ಹೆಂಡತಿಯ ಕಡೆ ತಿರುಗಿದೆ. ಅವಳು ಆಗಲೇ ಹಿಂದಿನ ಸೀಟಿನಲ್ಲಿ ಕೂತು, "ಅಪ್ಪ ತಾವಾಗೇ ಬರ್ತೀನಿ ಅಂದಾರ್ರಿ. ಎಷ್ಟು ಪ್ರೀತಿ ನೋಡ್ರಿ ನಿಮ್ಮ ಮ್ಯಾಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೀಗೆ, ಗಡ್ಡ ಬೋಳಿಸಿದವನು ನಾನು, ತಲೆ ಬೋಳಿಸಿಕೊಂಡವನೂ ನಾನೇ. ಅಂದಿನಿಂದ ದಿನಾ ಬೆಳಿಗ್ಗೆ ಮಾವನವರು ಟವೆಲ್ಲು ಹೆಗಲಿಗೆ ಹಾಕಿ ಪಡಸಾಲೆಯಲ್ಲಿ ಕೂರುತ್ತಾರೆ. ಅವರು ಬಾಯಿ ಮುಚ್ಚುವುದು ಕೆನ್ನೆ ಉಬ್ಬಿಸಿದಾಗ ಮಾತ್ರವಾದ್ದರಿಂದ ನಾನು ಆದಷ್ಟು ನಿಧಾನವಾಗಿ ಮಾಡುತ್ತೇನೆ. ಚುರುಕಿನಲ್ಲಿ ಫಸ್ಟು ಬಂದವನ ಗತಿ ಇದು. ಅದು ಮುಗಿಯುವ ಹೊತ್ತಿಗೆ ಗೀಸರಿನ ನೀರೂ ಮುಗಿದಿರುತ್ತದೆ, ಅಂಗಡಿಯ ಹೊತ್ತೂ ಮೀರಿರುತ್ತದೆ.

ಮೊನ್ನೆ ಭಾನುವಾರ ಅವರ ಗೆಳೆಯ ಸಿದ್ದಲಿಂಗಪ್ಪನವರು ಕೊಟ್ಟೂರಿನ ಮೊದಲ ಬಸ್ಸಿಗೆ ಬಂದಿಳಿದರು. ಟವೆಲ್ಲು ಅವರೇ ತಂದಿದ್ದರು. ನಾನು ಬ್ರಷ್ಷು ಹಿಡಿದು ಹೊರಗೆ ಬಂದಾಗ ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಮಾವನವರ ಕಿವಿಯಲ್ಲಿ ಕೇಳಿದರು:

"ಕೈ ಛಲೋ ಐತಿ ಅಂತೀರಿ ಖರೆ. ಇವರ ಗಡ್ಡ ಯಾಕ ಹಿಂಗ ಬೆಳದೈತಿ?"

"ಪಾಪ, ಅವರಿಗೆ ಪುರುಸೊತ್ತೆಲ್ಲೈತ್ರಿ?" ಎಂದರು ಮಾವನವರು ಹೆಮ್ಮೆಯಿಂದ. "ಹೂಂ ಅಳಿಯಾರ, ಸುರು ಮಾಡ್ರಿ. ಮೊದಲು ನಂದು, ಆಮ್ಯಾಲ ಇವರದು."

ಮತ್ತು ಕೆನ್ನೆ ಉಬ್ಬಿಸಿದರು.